ಬಾಲಪ್ಪ ಕಾಕಾ ಕೂಗಿಸಿದ ಹೂಟರ್

ಮೊದಲಿಗೆ ನನ್ನ ಅಕ್ಷರಕ್ಕೂ ಮಾತಿಗೂ ಕ್ಷಮೆ ಕೇಳುತ್ತೇನೆ. ರೊಟ್ಟಿ ಮಾಡುವ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಹಾಗಾಗಿ ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಜಾರುತ್ತವೆ. ನಾನು ಓದಿದ್ದು ಏಳನೆಯವರೆಗೆ. ನಮ್ಮ ಕನ್ನಡ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಎಂಟನೆಯದಕ್ಕೆ ಮರಾಠಿ ಶಾಲೆಗೆ ಹೋದೆ. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತೆ, ನಪಾಸಾದೆ, ಬಿಟ್ಟೆ. ಈಗ ಡೊಂಬಿವಲಿ ಪೂರ್ವದಲ್ಲಿ ಉಮಾವತಿ ಅಕ್ಕನ ಮನೆಯ ಪಾತ್ರೆ ಬಟ್ಟೆ ಮಾಡುತ್ತೇನೆ. ಅಕ್ಕ ಉಡುಪಿ ಕಡೆಯವರು, ಕನ್ನಡ ಸಂಘದ ವಾಚನಾಲಯ ನೋಡಿಕೊಳ್ಳುತ್ತಾರೆ. ಸಂಘದ ವಾರ್ಷಿಕ ಸಂಚಿಕೆಗೆ ನಮ್ಮ ನಡುವಿನ ಒಬ್ಬರ ಬಗ್ಗೆ ಬರಹ ಬೇಕಂತೆ. "ಎಲ್ಲರೂ ಹೋಟೆಲ್ ಕಟ್ಟಿದವರದ್ದೇ ಬರೀತಾರೆ ಮಾರಾಯ್ತಿ. ನೀನು ನಿನ್ನ ಬಾಲಪ್ಪನದ್ದು ಬರಿ. ತಪ್ಪಿದ್ದರೆ ನಾನು ತಿದ್ದುತ್ತೇನೆ" ಎಂದರು.

ಬರೆಯುವಾಗ ಸಿಟ್ಟು ಬಂದಿದೆ. ಎರಡನೆಯ ಸಲ ತಿದ್ದಿ ಬರೆಯುವಾಗ ಅದನ್ನು ತೆಗೆಯಲು ನೋಡಿದೆ. ತೆಗೆದರೆ ಹಾಳೆಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಹಾಗೇ ಬಿಟ್ಟಿದ್ದೇನೆ.

ಬಾಲಪ್ಪ ಕಾಕಾ ನನ್ನ ಸ್ವಂತ ಕಾಕಾ ಅಲ್ಲ. ಅವನ ಊರು ಸಿಂದಗಿ ಕಡೆ, ನಮ್ಮ ಅವ್ವನ ಊರಿನ ಹತ್ತಿರ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ನಮ್ಮ ಚಾಳು, ಅಂದರೆ ಒಂದೊಂದೇ ಕೋಣೆಯ ಸಾಲುಮನೆಗಳು, ಎಂಐಡಿಸಿ ಎನ್ನುವ ಕಾರ್ಖಾನೆ ಪ್ರದೇಶದ ಹಿಂದೆ, ಒಂದು ಬಣ್ಣದ ಕಂಪನಿಯ ಗೋಡೆಗೆ ಅಂಟಿಕೊಂಡ ಹಾಗೆ ಇದೆ. ಗಾಳಿ ಈ ಕಡೆ ಬೀಸಿದ ದಿನ ಒಣಹಾಕಿದ ಬಿಳಿ ಬಟ್ಟೆ ಹಳದಿಯಾಗುತ್ತದೆ. ನಮ್ಮಪ್ಪ ಗುರುನಾಥ ಆ ಕಂಪನಿಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಾನೆ, ಇನ್ನೂ ಟೆಂಪರವರಿ. ಬಾಲಪ್ಪ ಕಾಕಾ ಬಾಯ್ಲರ್ ಮನೆಯಲ್ಲಿದ್ದ. ಬೆಂಕಿ ನೋಡುವುದು, ನೀರು ನೋಡುವುದು, ಹೊತ್ತಿಗೆ ಸರಿಯಾಗಿ ಸರಪಳಿ ಎಳೆದು ಹೂಟರ್ ಕೂಗಿಸುವುದು ಅವನ ಕೆಲಸ.

ಹೂಟರ್ ಎಂದು ಕಂಪನಿಯವರು ಹೇಳುತ್ತಾರೆ. ಚಾಳಿನಲ್ಲಿ ಎಲ್ಲರಿಗೂ ಅದು ಭೋಂಗಾ. ನಮಗೆ ಗಡಿಯಾರ ಬೇಕಿರಲಿಲ್ಲ. ಮೊದಲ ಭೋಂಗಾ ಆದರೆ ನಲ್ಲಿಗೆ ಕೊಡ ಇಡಬೇಕು, ಎರಡನೆಯದಕ್ಕೆ ಅಪ್ಪನ ಡಬ್ಬಿ ಕಟ್ಟಬೇಕು, ಸಂಜೆಯದಕ್ಕೆ ಸ್ಟೋವ್ ಹಚ್ಚಬೇಕು. ಚಾಳಿನ ಹುಡುಗರು ಕಾಕಾನನ್ನು ಕಂಡರೆ ಹಿಂದಿಯಲ್ಲಿ ಕಾಡುತ್ತಿದ್ದರು: "ಕಾಕಾ, ಏಕ್ ಬಾರ್ ಹಮಾರೆ ಲಿಯೇ ಬಜಾವೋ ನಾ!"

"ನಿನ್ನ ಮದುವಿಗೆ ಬಾರಸ್ತೀನಿ ಮಗನ. ಹೆಣ್ಣು ಹೆದರಿ ಓಡಿ ಹೋದ್ರ ನನ್ನ ಕೇಳಬ್ಯಾಡ" ಎನ್ನುತ್ತಿದ್ದ.

ಕಂಪನಿಗೆ ಬರುವ ಮೊದಲು ಕಾಕಾ ಐರೋಲಿಯ ಆಚೆ ಗುಡ್ಡದ ಕಲ್ಲಿನ ಕ್ವಾರಿಯಲ್ಲಿದ್ದ. ಊರಿನಿಂದ ಅಣ್ಣನ ಬೆನ್ನು ಹತ್ತಿ ಬಂದವನು, ಇನ್ನೂ ಮೀಸೆ ಬಂದಿರಲಿಲ್ಲವಂತೆ. ಅಲ್ಲಿ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಬತ್ತಿ ಹಚ್ಚುತ್ತಿದ್ದರು. ಹಚ್ಚುವವನು ಕೂಗುತ್ತಿದ್ದ, ಎಲ್ಲರೂ ಓಡಿ ಮರೆಯಾಗುತ್ತಿದ್ದರು. ಆದರೆ ಕೆಲವು ಸಲ ನಿನ್ನೆ ಸಿಡಿಯದೆ ಉಳಿದ ಮದ್ದು ಇವತ್ತು ತಾನಾಗಿಯೇ ಹೊಗೆಯಾಡುತ್ತಿತ್ತು. ಅದಕ್ಕಾಗಿ ಕ್ವಾರಿಯಲ್ಲಿ ಒಂದು ಕಟ್ಟಳೆ ಇತ್ತು. ಹೊಗೆ ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರೇ ಕೂಗಬೇಕು. ಕೆಲಸ ಮಾಡಿಸುವ ಮುಕಾದಮನನ್ನು ಹುಡುಕಿಕೊಂಡು ಹೋಗುವ ಹಾಗಿಲ್ಲ. ಕೂಗಿದ್ದು ಸುಳ್ಳಾದರೂ ಯಾರೂ ಬಯ್ಯುವ ಹಾಗಿಲ್ಲ. ಕಾಕಾ ಇದನ್ನು ನಮಗೆ ಎಷ್ಟೋ ಭಾನುವಾರ ಊಟಕ್ಕೆ ಬಂದಾಗ ಹೇಳಿದ್ದಾನೆ. "ಸುಳ್ಳ ಕೂಗಿಗಿ ನಕ್ರ ನಾಳೆ ಖರೇ ಕೂಗು ಹೊರಡೂದಿಲ್ಲ" ಎನ್ನುತ್ತಿದ್ದ.

ಕಂಪನಿಯಲ್ಲಿ ಕಟ್ಟಳೆ ಬೇರೆ. ಒಂದು ಉದ್ದ ಕೂಗು ಪಾಳಿಗೆ, ಮೂರು ಚಿಕ್ಕ ಕೂಗು ಅಪಾಯಕ್ಕೆ. ಮೂರು ಕೂಗಿಸಬೇಕಾದರೆ ಪಾಳಿಯ ಸಾಹೇಬರ ಅಪ್ಪಣೆ ಬೇಕು. ಇದನ್ನು ಇಂಗ್ಲಿಷಿನಲ್ಲಿ ಬರೆದು ಒಳಗಿನ ಗೋಡೆಗೆ ಹಾಕಿದ್ದರು, ಕೆಲಸಗಾರರಿಗೆ ಬಾಯಲ್ಲಿ ಹೇಳಿದ್ದರು. ಹೊರಗಿನ ಗೋಡೆಗೆ ಏನೂ ಹಾಕಿರಲಿಲ್ಲ. ಹೊರಗಿನ ಗೋಡೆ ನಮ್ಮದು.

ಹೊತ್ತಲ್ಲದ ಹೊತ್ತಿನ ಭೋಂಗಾವನ್ನು ನಮ್ಮ ಚಾಳು ಒಮ್ಮೆ ಮಾತ್ರ ಕೇಳಿತ್ತು. ಚನಿಯ ಅನ್ನುವ ಮಂಗಳೂರು ಕಡೆಯ ಕೆಲಸಗಾರ ಒಣಗಿಸುವ ಯಂತ್ರಕ್ಕೆ ಸಿಕ್ಕಿ ತೀರಿಕೊಂಡಾಗ, ಅವನ ಹೆಣ ಗೇಟು ದಾಟುವವರೆಗೆ ಕಾಕಾ ಸರಪಳಿ ಹಿಡಿದೇ ಇದ್ದ. ಆ ಹೊತ್ತು ಎಲ್ಲ ಹೆಂಗಸರೂ ಗೇಟಿಗೆ ಓಡಿದ್ದರು. ಯಾರ ಗಂಡ ಎಂದು ಹೊರಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಚಾಳಿನ ಹೆಂಗಸರಿಗೆ ಹೊತ್ತಲ್ಲದ ಭೋಂಗಾ ಎಂದರೆ ಒಂದೇ ಅರ್ಥ: ಯಾರದೋ ಮನೆಯವರು ಹೋದರು, ಹೋಗಿ ನೋಡಬೇಕು.

ಈ ಫೆಬ್ರವರಿಯಲ್ಲಿ, 1995ರಲ್ಲಿ, ಒಂದು ದಿನ ಕಂಪನಿಗೆ ಹೊರದೇಶದ ಗಿರಾಕಿಗಳು ಬಂದಿದ್ದರು. ಗೇಟಿಗೆ ಹೂವಿನ ಕುಂಡ ಇಟ್ಟಿದ್ದರು. ಬೆಳಗಿನ ರೊಟ್ಟಿಯ ಹೊತ್ತು ಕ್ಲೋರಿನ್ ಸಿಲಿಂಡರಿನ ಕೀಲು ಸಡಿಲವಾಗಿ ಹಳದಿ ಹಸಿರು ಗಾಳಿ ನೆಲದ ಮೇಲೆ ತೆವಳಿ ಬರುವುದನ್ನು ಕಾಕಾ ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತು ನೋಡಿದ. ಪಾಳಿಯ ಸಾಹೇಬರಿಗೆ ಹೇಳಿದ. ಅವರು ಮೂಗಿಗೆ ಕರವಸ್ತ್ರ ಹಿಡಿದು, "ರುಕೋ, ಆಫೀಸ್ ಮೆ ಪೂಛತಾ ಹೂಂ. ಮೆಹಮಾನ್ ಹೈ ಅಂದರ್" ಎಂದರು, ಒಳಗೆ ಅತಿಥಿಗಳಿದ್ದಾರೆ, ತಡಿ, ಆಫೀಸಿಗೆ ಕೇಳುತ್ತೇನೆ ಎಂದು ಫೋನ್ ಮಾಡಿದರು. ಆ ಕಡೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಕಾಕಾ ಇನ್ನು ಕಾಯಲಿಲ್ಲ. ಹೋಗಿ ಸರಪಳಿಗೆ ಜೋತುಬಿದ್ದ. ಮೂರು ಚಿಕ್ಕದು, ಮತ್ತೆ ಮೂರು, ಮತ್ತೆ ಮೂರು.

ಒಳಗಿನವರಿಗೆ ಅರ್ಥವಾಯಿತು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹಿಂದಿನ ಗೇಟಿನಿಂದ ಓಡಿದರು. ನಮ್ಮಪ್ಪನೂ ಓಡಿದ. ಒಬ್ಬನೂ ಸಾಯಲಿಲ್ಲ.

ನಾನು ಮನೆಯಲ್ಲಿದ್ದೆ. ನಮ್ಮ ಅವ್ವ ಮರಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಭೋಂಗಾ ಕೇಳಿದ ಕೂಡಲೇ ಕೈ ನಿಂತಿತು. "ಯಾರೋ ಹೋದ್ರು ದಾನೀ. ನಿಮ್ಮಪ್ಪ ಒಳಗದಾನ. ಸ್ಟೋವ್ ಆರಿಸು" ಎಂದು ನನಗೆ ಹೇಳಿ ಹಿಟ್ಟಿನ ಕೈಯಲ್ಲೇ ಓಡಿದಳು. ಚಾಳಿನ ಎಲ್ಲ ಬಾಗಿಲುಗಳಿಂದ ಹೆಂಗಸರು ಮುಂದಿನ ಗೇಟಿಗೆ ಓಡಿದರು. ಆ ವಿಷದ ಗಾಳಿ ಬರುತ್ತಿದ್ದದ್ದು ಅಲ್ಲಿಗೇ. ನಾನು ಸ್ಟೋವ್ ಆರಿಸಿ ಹೋಗುವಷ್ಟರಲ್ಲಿ ಅವ್ವ ಹೂವಿನ ಕುಂಡದ ಪಕ್ಕ ಕುಳಿತು ಕೆಮ್ಮುತ್ತಿದ್ದಳು. ಎಲ್ಲರಿಗಿಂತ ಮುಂದೆ ಹೋಗಿ ಗೇಟಿನ ಸರಳು ಹಿಡಿದು ಅಪ್ಪನ ಹೆಸರು ಕೂಗಿದವಳು ಅವಳು. ಕೂಗಲು ಬಾಯಿ ತೆರೆದಾಗ ಗಾಳಿ ಒಳಗೆ ಹೋಯಿತು.

ಕಲ್ಯಾಣದ ಆಸ್ಪತ್ರೆಯಿಂದ ಅವ್ವ ಮನೆಗೆ ಬಂದಳು, ದನಿ ಬರಲಿಲ್ಲ. ಮೊದಲು ನಲ್ಲಿಯ ಹತ್ತಿರ ನಿಂತು "ದಾನೀ" ಎಂದರೆ ಚಾಳಿನ ಕೊನೆಯ ಮನೆಗೆ ಕೇಳುತ್ತಿತ್ತು. ಈಗ ಪಕ್ಕದಲ್ಲಿ ಕುಳಿತರೂ ಅವಳ ಬಾಯಿ ನೋಡಬೇಕು.

ಒಂದು ವಾರದಲ್ಲಿ ಬಾಲಪ್ಪ ಕಾಕಾನನ್ನು ಸಸ್ಪೆಂಡ್ ಮಾಡಿದರು. ಸೋರಿದ್ದು ಸ್ವಲ್ಪವೇ, ಐದು ನಿಮಿಷದಲ್ಲಿ ಕೀಲು ಬಿಗಿ ಮಾಡಿದ್ದೆವು, ಇವನು ಅಪ್ಪಣೆ ಇಲ್ಲದೆ ಹೂಟರ್ ಹೊಡೆದು ಗಾಬರಿ ಹಬ್ಬಿಸಿದ, ಹೂಟರ್ ಕೇಳಿಯೇ ಹೆಂಗಸರು ಗೇಟಿಗೆ ಬಂದು ಬಾಧೆಪಟ್ಟರು ಎಂದು ಹೇಳಿದರು. ಕೀಲು ನೋಡಿಕೊಳ್ಳಬೇಕಾದವರು ಯಾರು, ಫೋನ್ ಎತ್ತದವರು ಯಾರು ಎಂದು ಯಾರೂ ಕೇಳಲಿಲ್ಲ. ಗೂಬೆ ಕೂರಿಸಲು ಒಂದು ಹೆಗಲು ಬೇಕಿತ್ತು, ಕಾಕಾನ ಹೆಗಲು ಸಿಕ್ಕಿತು.

ವಿಚಾರಣೆಗೆ ಮುಂಚೆ ಮೋಹನದಾಸ ಅನ್ನುವವರು ನಮ್ಮ ಮನೆಗೆ ಬಂದರು. ಕಂಪನಿಯಲ್ಲಿ ಕೆಲಸಗಾರರ ವಿಷಯ ನೋಡುವ ಪರ್ಸನಲ್ ಆಫೀಸರ್, ಕರಾವಳಿಯವರು. ಹೊಸ್ತಿಲಲ್ಲಿ ಬೂಟು ಬಿಚ್ಚಿ, ಚಾಪೆಯ ಮೇಲೆ ಕುಳಿತು ಕನ್ನಡದಲ್ಲಿ ಮಾತಾಡಿದರು.

"ಹೇಗುಂಟು ಮರಗಮ್ಮ ಆರೋಗ್ಯ? ನೋಡಿ, ನಾವೆಲ್ಲ ಒಂದೇ ಕಡೆಯವರು. ಹೂಟರ್ ಕೇಳಿ ನಾನು ಗೇಟಿಗೆ ಬಂದೆ, ಅದರಿಂದ ಹೀಗಾಯ್ತು ಅಂತ ಒಂದು ಹೆಬ್ಬೆಟ್ಟು ಒತ್ತಿದ್ರೆ ಸಾಕು. ಸುಳ್ಳು ಏನೂ ಇಲ್ಲವಲ್ಲ ಇದ್ರಲ್ಲಿ? ಗುರುನಾಥನ ಪರ್ಮನೆಂಟ್ ವಿಷಯ ನನ್ನ ತಲೆಯಲ್ಲುಂಟು."

ಅಪ್ಪ ನೆಲ ನೋಡುತ್ತ ಕುಳಿತ. ಪರ್ಮನೆಂಟ್ ಎಂಬ ಮಾತಿಗಾಗಿ ಅವನು ಎಷ್ಟು ವರ್ಷದಿಂದ ಬೆನ್ನು ಬಗ್ಗಿಸಿದ್ದಾನೆ ಎಂದು ನನಗೆ ಗೊತ್ತು. ಅವ್ವ ಏನೋ ಹೇಳಿದಳು. ಮೋಹನದಾಸರು ನನ್ನ ಕಡೆ ನೋಡಿದರು.

"ವಿಚಾರಣೆಗೆ ನಾನೇ ಬಂದು ಹೇಳತೀನಿ ಅನ್ನುತ್ತಾಳೆ" ಎಂದೆ.

ಅವರು ಹೋದ ಮೇಲೆ ಕಾಕಾ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. "ತಂಗೀ, ಒತ್ತಿಬಿಡು. ನಾ ಒಬ್ಬಂವ. ಎಲ್ಲಿ ಹೋದ್ರೂ ಒಂದ ರೊಟ್ಟಿ ಸಿಗತೈತಿ. ಗುರುನಾಥಂದು ಸಂಸಾರ ಐತಿ."

ಅವ್ವ ಕೈಯಲ್ಲಿದ್ದ ಲಟ್ಟಣಿಗೆಯನ್ನು ನೆಲಕ್ಕೆ ಕುಟ್ಟಿದಳು. ದನಿ ಇಲ್ಲದವಳು ಹಾಗೆಯೇ ಸಿಟ್ಟು ಮಾಡುತ್ತಾಳೆ. ಹತ್ತಿರ ಕರೆದು ಅವನ ಕಿವಿಯಲ್ಲಿ ಅಂದಳು, ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ನನ್ನ ಗಂಡನ್ನ ಉಳಿಸಿದಿ. ನಿನ್ನ ಕುತ್ತಿಗಿಗಿ ಹೆಬ್ಬಟ್ಟ ಒತ್ತಲೇನು? ಹುಚ್ಚ ಅದೀ. ಕುಂಡ್ರು, ರೊಟ್ಟಿ ತಿನ್ನು."

ಅಂದು ನಾನು ಕಾಕಾನನ್ನು ಒಂದು ಮಾತು ಕೇಳಿದೆ. ಮೂರು ಕೂಗಿನ ಅರ್ಥವನ್ನು ನೀವು ಗಂಡಸರು ಮನೆಯಲ್ಲಿ ಯಾಕೆ ಹೇಳಲಿಲ್ಲ? ಅಪ್ಪ, "ಹೇಳಿದ್ರ ನಿಮ್ಮವ್ವ ದಿನಾ ಅಂಜತಾಳಂತ ಬಿಟ್ಟೆ" ಎಂದ. ಕಾಕಾ ರೊಟ್ಟಿ ಕೆಳಗಿಟ್ಟು ಹೇಳಿದ:

"ನನಗ ಹೊಳೀಲೇ ಇಲ್ಲವ್ವಾ. ಕ್ವಾರಿಯೊಳಗ ಹೆಣ್ಣಮಕ್ಕಳೂ ನಮ್ಮ ಜೋಡಿನ ಕಲ್ಲ ಒಡೀತಿದ್ರು. ಕೂಗಿದ್ರ ಎಲ್ಲಾರಿಗೂ ಒಂದ ಅರ್ಥ. ಇಲ್ಲಿ ನಡುವ ಗ್ವಾಡಿ ಐತಿ. ಗ್ವಾಡಿ ಆ ಕಡೆ ಓಡು ಅನ್ನೂದು ಈ ಕಡೆ ಬಾ ಅಂತ ಕೇಳತೈತಿ ಅಂತ ನನಗೇನ ಗೊತ್ತು?"

ವಿಚಾರಣೆ ಕಂಪನಿಯ ಆಫೀಸಿನಲ್ಲಿ ನಡೆಯಿತು. ನಾವು ಹೊರಗಿನ ಪಡಸಾಲೆಯಲ್ಲಿ ಕಾಯುತ್ತಿದ್ದಾಗ ಕಾಕಾ ಬಂದ. ಹಾದುಹೋಗುತ್ತಿದ್ದ ಕೆಲವು ಸೂಪರ್‌ವೈಸರ್‌ಗಳು ಬಾಯಿಗೆ ಕೈ ಹಿಡಿದು "ಹೂ... ಹೂ..." ಎಂದು ಕೂಗಿ ನಕ್ಕರು. ಓದಿದವರು, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡವರು. ಅವರಲ್ಲಿ ಇಬ್ಬರು ಆ ದಿನ ಅದೇ ಕೂಗು ಕೇಳಿ ಹಿಂದಿನ ಗೇಟಿನಿಂದ ಓಡಿದವರು ಎಂದು ಅಪ್ಪ ಮೆಲ್ಲಗೆ ಹೇಳಿದ. ಕಾಕಾ ಟೋಪಿ ಸರಿಮಾಡಿಕೊಂಡು ಒಳಗೆ ಹೋದ.

ಆಮೇಲೆ ಅವ್ವನನ್ನು ಕರೆದರು, ಅವಳ ಜೊತೆ ನಾನೂ ಒಳಗೆ ಹೋದೆ. ಕಂಪನಿ ಕರೆಸಿದ್ದ ವಕೀಲರು ಅವ್ವನನ್ನು ಕೇಳಿದರು. ಮೋಹನದಾಸರು ಕನ್ನಡಕ್ಕೆ ಹೇಳಿದರು.

"ಹೂಟರ್ ಕೇಳಿ ಗೇಟಿಗೆ ಬಂದ್ರಾ?"

ಅವ್ವ ಹೌದೆಂದು ತಲೆಯಾಡಿಸಿದಳು.

"ಹೂಟರ್ ಆಗದಿದ್ರೆ ಬರ್ತಿದ್ರಾ?"

ಇಲ್ಲವೆಂದು ಆಡಿಸಿದಳು.

"ಬಸ್" ಎಂದರು ವಕೀಲರು. ಬರೆಯುವವನು ಬರೆದುಕೊಂಡ.

ಅವ್ವ ಎದ್ದು ನಿಂತು ಮಾತಾಡತೊಡಗಿದಳು. "ಜೋರಾಗಿ ಹೇಳಿ ಮರಗಮ್ಮ, ಕೇಳೂದಿಲ್ಲ" ಎಂದರು ಮೋಹನದಾಸರು.

ಅವ್ವ ನನ್ನ ಕೈ ಹಿಡಿದಳು. ನಾನು ಮನೆಗೆ ಯಾರಾದರೂ ಬಂದರೆ ಒಳಗೆ ಹೋಗಿ ಕೂರುವವಳು. ಆದರೂ ಎದ್ದು ಅವಳ ಪಕ್ಕ ನಿಂತೆ. ಅವ್ವ ಅಂದದ್ದನ್ನು ನಾನು ಒಂದೊಂದಾಗಿ ಹೇಳಿದೆ: "ಜೋರಾಗಿ ಬರೂದಿಲ್ಲ ಸಾಹೇಬರ, ನಿಮ್ಮ ಗಾಳಿ ಕುಡದೀನಿ. ಮೂರು ಸಲ ಕೂಗಿದ್ರ ಓಡಿಹೋಗರಿ ಅಂತ ನಮಗ ಯಾರೂ ಹೇಳಿಲ್ಲ. ಬಾಲಪ್ಪ ಕೂಗಿಸಲಿಲ್ಲಂದ್ರ ನಾನು ಗಂಡಸತ್ತಾಕಿ ಆಗತಿದ್ದೆ."

ವಕೀಲರು ಹಿಂದಿಯಲ್ಲಿ ಮೋಹನದಾಸರನ್ನು ಏನೆಂದು ಕೇಳಿದರು. ಅವರು ಹೇಳಿದರು: "ಕುಛ್ ನಹೀ ಸಾಹೇಬ್. ತಬಿಯತ್ ಕಾ ಬತಾ ರಹೀ ಹೈ."

ಕನ್ನಡ ಬಲ್ಲವರು, ನಮ್ಮ ಚಾಪೆಯ ಮೇಲೆ ಕುಳಿತು ಒಂದೇ ಕಡೆಯವರು ಎಂದವರು, ಆ ಮಾತನ್ನು ಏನಿಲ್ಲ, ಬರೀ ಆರೋಗ್ಯದ ವಿಷಯ ಎಂದು ಹೇಳಿದರು. ಬರೆಯುವವನ ಪೆನ್ನು ಅಲ್ಲಾಡಲಿಲ್ಲ.

"ಲಿಖೋ" ಎಂದೆ ನಾನು. ನನ್ನ ದನಿಯೇ ನನಗೆ ಬೇರೆಯವರದ್ದು ಅನ್ನಿಸಿತು. ಇವರು ತಪ್ಪು ಹೇಳಿದರು, ಅವ್ವ ಅಂದದ್ದನ್ನು ಬರೆಯಿರಿ ಎಂದು ನನಗೆ ಬರುವ ಹಿಂದಿಯಲ್ಲೇ ಹೇಳಿದೆ: "ಇನ್ಹೋನೆ ಗಲತ್ ಬತಾಯಾ. ಅವ್ವ ನೇ ಬೋಲಾ ವೋ ಲಿಖೋ."

"ಯೇ ಲಡಕೀ ಕೌನ್ ಹೈ? ಬಾಹರ್ ನಿಕಾಲೋ" ಎಂದರು ವಕೀಲರು. ನನ್ನನ್ನು ಹೊರಗೆ ಕಳಿಸಿದರು. ಬಾಗಿಲು ಮುಚ್ಚಿತು.

ಮಳೆಗಾಲಕ್ಕೆ ಮುಂಚೆ ಕಾಕಾನನ್ನು ಕೆಲಸದಿಂದ ತೆಗೆದ ಕಾಗದ ಬಂತು. ಅವನು ಅದನ್ನು ನನ್ನ ಕೈಯಲ್ಲಿ ಕೊಟ್ಟ, ನಾನು ಉಮಾವತಿ ಅಕ್ಕನಿಗೆ ಒಯ್ದು ಕೊಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡು ಓದಿದರು. ಕಾಕಾನ ಅಪರಾಧವನ್ನು "ಅನಾಥರೈಸ್ಡ್ ಹೂಟಿಂಗ್" ಎಂದು ಬರೆದಿದ್ದರು. ಅಪ್ಪಣೆಯಿಲ್ಲದ ಕೂಗು. ಅಕ್ಕ "ಎಂತ ಶಬ್ದ ಇದು! ಬಾ ನೋಡುವ" ಎಂದು ವಾಚನಾಲಯದ ಬೀಗ ತೆಗೆದು, ಎತ್ತಲು ಎರಡು ಕೈ ಬೇಕಾಗುವ ಇಂಗ್ಲಿಷ್ ನಿಘಂಟನ್ನು ಮೇಜಿನ ಮೇಲಿಟ್ಟರು.

ಅಕ್ಕ ಓದಿ ಹೇಳಿದ್ದನ್ನು ತಪ್ಪಾಗದ ಹಾಗೆ ಬರೆಯಲು ನೋಡುತ್ತೇನೆ. ಹೂಟ್ ಎಂಬುದು ಬೇರೆ ಯಾವ ಪದದಿಂದಲೂ ಹುಟ್ಟಿದ್ದು ಇರಲಿಕ್ಕಿಲ್ಲವಂತೆ. ಬಾಯಿ ದುಂಡಗೆ ಮಾಡಿ ಮನುಷ್ಯ ಹೊರಡಿಸುವ ದನಿಯೇ ಪದವಾಗಿದೆ ಎಂದು ತಿಳಿದವರು ಹೇಳುತ್ತಾರಂತೆ. ನಮ್ಮ ಭೋಂಗಾವೂ ಹಾಗೇ ಅಲ್ಲವೇ ಎಂದೆ. "ಹೌದಲ್ಲ, ಭೋಂ ಅಂತದೆ, ಭೋಂಗಾ" ಎಂದು ಅಕ್ಕ ನಕ್ಕರು. ನಾನು ಮೊದಲು ಗೂಬೆಯ ಕೂಗಿಗೆ ಆ ಪದ ಬಂದಿರಬೇಕು ಎಂದುಕೊಂಡಿದ್ದೆ. ಹಾಗಲ್ಲ. ಎಲ್ಲಕ್ಕಿಂತ ಹಳೆಯ ಅರ್ಥ, ಸುಮಾರು ಎಂಟುನೂರು ವರ್ಷದ್ದು, ಒಬ್ಬ ಮನುಷ್ಯನನ್ನು ಹೀಯಾಳಿಸಿ ಕೂಗುವುದು, ಕೂಗಿ ಓಡಿಸುವುದು. ಗೂಬೆ ಬಂದದ್ದು ಅದಕ್ಕಿಂತ ನೂರಾರು ವರ್ಷ ತಡವಾಗಿ. ಉಗಿಯಂತ್ರ, ಕಾರ್ಖಾನೆ, ಮೋಟಾರು ಇವೆಲ್ಲ ತೀರಾ ಇತ್ತೀಚೆಗೆ. ಆಮೇಲೆ ಇನ್ನೊಂದು ಅರ್ಥವೂ ಇದೆ: ಬಹಳ ಚಿಕ್ಕದು, ಲೆಕ್ಕಕ್ಕೇ ಇಲ್ಲದ್ದು. ಯಾರ ಬಗ್ಗೆಯಾದರೂ ಕಿಂಚಿತ್ತೂ ಚಿಂತೆ ಇಲ್ಲ ಎನ್ನಬೇಕಾದರೆ ಒಂದು ಹೂಟಿನಷ್ಟೂ ಇಲ್ಲ ಎನ್ನುತ್ತಾರಂತೆ.

ನಾನು ಮನೆಗೆ ನಡೆದು ಬರುವಾಗ ಇದೇ ತಲೆಯಲ್ಲಿತ್ತು. ಪಡಸಾಲೆಯಲ್ಲಿ ಕಾಕಾನನ್ನು ನೋಡಿ ಬಾಯಿಗೆ ಕೈ ಹಿಡಿದವರಿಗೆ ಆ ಎಂಟುನೂರು ವರ್ಷದ ಅರ್ಥ ಯಾರೂ ಕಲಿಸಿರಲಿಲ್ಲ, ಆದರೂ ಬರುತ್ತಿತ್ತು. ಫೋನ್ ಎತ್ತದ ಆಫೀಸಿಗೆ ಕೊನೆಯ ಅರ್ಥ ಬರುತ್ತಿತ್ತು. ಆ ದಪ್ಪ ಪುಸ್ತಕದಲ್ಲಿ ಎಲ್ಲ ಅರ್ಥಗಳನ್ನೂ ಒಂದರ ಕೆಳಗೆ ಒಂದು ಎಷ್ಟು ಜೋಪಾನವಾಗಿ ಬರೆದಿಟ್ಟಿದ್ದಾರೆ! ನಮ್ಮ ಚಾಳಿಗೆ ಬೇಕಾಗಿದ್ದದ್ದು ಒಂದೇ ಅರ್ಥ, ಮೂರು ಚಿಕ್ಕ ಕೂಗಿನದು. ಅದನ್ನು ಹೇಳಲು ಒಬ್ಬ ಮನುಷ್ಯ ಗೋಡೆ ಸುತ್ತಿ ಒಂದು ಸಂಜೆ ಬಂದಿದ್ದರೆ ಸಾಕಿತ್ತು. ಹೆಬ್ಬೆಟ್ಟು ಕೇಳಲು ಬರುತ್ತಾರೆ, ಚಾಪೆಯ ಮೇಲೆ ಕೂರುತ್ತಾರೆ. ಇದನ್ನು ಹೇಳಲು ಬರಲಿಲ್ಲ.

ಕಾಕಾ ಈಗ ಟಿಟ್ವಾಳಾದಲ್ಲಿ ಹೊಸದಾಗಿ ಕಟ್ಟುತ್ತಿರುವ ಬಿಲ್ಡಿಂಗಿಗೆ ವಾಚ್‌ಮನ್. ಕಳೆದ ಭಾನುವಾರ ಲೋಕಲ್ ಹಿಡಿದು ಊಟಕ್ಕೆ ಬಂದಿದ್ದ. ಸ್ವಲ್ಪ ಇಳಿದಿದ್ದಾನೆ. ಅಂಗಿಯ ಜೇಬಿನಿಂದ ಒಂದು ಸೀಟಿ ತೆಗೆದು ತೋರಿಸಿದ.

"ಬಿಲ್ಡರ್ ಕೊಟ್ಟಾನ. ಊದಾಕ ಯಾರದರ ಪರವಾನಗಿ ಬೇಕೇನರಿ ಅಂತ ಮೊದಲ ಕೇಳಿದೆ. ಅಂವ ನನಗ ಹುಚ್ಚ ಅಂದ್ಕೊಂಡಾನ."

ಅವ್ವ ದನಿಯಿಲ್ಲದೆ ನಕ್ಕಳು. ನಗುವುದಕ್ಕೆ ಹೋಗಿ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಕಾಕಾ ರೊಟ್ಟಿ ಮುಟ್ಟಲಿಲ್ಲ. "ನಾ ಕೂಗಿಸಿದ್ದಕ್ಕ ನೀ ಬಂದಿ ತಂಗೀ. ಅದೊಂದ ಖರೇ ಬರದಾರ ಅವರು" ಎಂದ. ಅವ್ವ ಅಲ್ಲವೆಂದು ತಲೆಯಾಡಿಸಿದಳು, ಲಟ್ಟಣಿಗೆ ಕುಟ್ಟಿದಳು. ಅವನು ನಂಬಿದ ಹಾಗೆ ಕಾಣಲಿಲ್ಲ. ಕೆಲಸ ಹೋದದ್ದಕ್ಕಿಂತ ಇದೇ ಅವನನ್ನು ತಿನ್ನುತ್ತಿದೆ. ಅವನ ತಲೆಯಲ್ಲಿ ಇದನ್ನು ಇಟ್ಟವರನ್ನು ನಾನು ಕ್ಷಮಿಸುವುದಿಲ್ಲ.

ಕಂಪನಿಯಲ್ಲಿ ಈಗ ಕರೆಂಟಿನ ಹೂಟರ್ ಹಾಕಿದ್ದಾರೆ. ಗುಂಡಿ ಪಾಳಿಯ ಸಾಹೇಬರ ಕೋಣೆಯಲ್ಲಿದೆ. ಅಪ್ಪ ಇನ್ನೂ ಟೆಂಪರವರಿ. ಹೊರಗಿನ ಗೋಡೆಯ ಮೇಲೆ ಇವತ್ತಿಗೂ ಏನೂ ಬರೆದಿಲ್ಲ. ನಿನ್ನೆ ಹೋಗಿ ಉದ್ದಕ್ಕೂ ನೋಡಿ ಬಂದೆ. ಚಾಳಿನಲ್ಲಿ ಮದುವೆಯಾಗಿ ಹೊಸದಾಗಿ ಬಂದ ಹೆಂಗಸರಿದ್ದಾರೆ. ಕೇಳಿದೆ. ಹೊತ್ತಲ್ಲದ ಭೋಂಗಾ ಆದರೆ ಏನು ಮಾಡುತ್ತೀರಿ? ಗೇಟಿಗೆ ಹೋಗುತ್ತೇವೆ ಎಂದರು.

ನಾಳೆ ಭಾನುವಾರ, ಎಲ್ಲರೂ ಮನೆಯಲ್ಲಿರುತ್ತಾರೆ. ನಲ್ಲಿ ನೀರು ನಿಂತ ಮೇಲೆ ನಾನು ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಹೋಗುತ್ತೇನೆ. ಉದ್ದ ಕೂಗು ಪಾಳಿಗೆ, ಮೂರು ಚಿಕ್ಕ ಕೂಗು ಅಪಾಯಕ್ಕೆ, ಅದು ಕೇಳಿದರೆ ಗೇಟಿಗೆ ಹೋಗಬಾರದು, ಚಿಮಣಿಯ ಹೊಗೆ ಯಾವ ಕಡೆ ಬಾಗಿದೆ ನೋಡಿ ಆ ಕಡೆ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ದೂರ ಹೋಗಬೇಕು ಎಂದು ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ನನಗೆ ಬರುವ ಹಿಂದಿ ಮರಾಠಿಯಲ್ಲಿ ಹೇಳುತ್ತೇನೆ. ಬಾಯಿ ಒಣಗಿದರೆ ಅವ್ವ ನೀರು ಹಿಡಿದುಕೊಂಡು ಜೊತೆಗೆ ಬರುತ್ತಾಳೆ.